ಕೈಯಲ್ಲಿ ಉತ್ತರ ಹೇಳಿಸಿದ ಸಿಸ್ಟರ್ ಕಲ್ಯಾಣಮ್ಮನವರು

ಸಕಲೇಶಪುರ, ಆಲೂರು ಸೀಮೆಯ ಹೆರಿಗೆ ಶುಶ್ರೂಷೆಯ ಚರಿತ್ರೆಯನ್ನು ಯಾರಾದರೂ ಬರೆಯ ಹೊರಟರೆ ಸಿಸ್ಟರ್ ಕಲ್ಯಾಣಮ್ಮನವರ ಹೆಸರನ್ನು ಬಿಟ್ಟು ಮೊದಲ ಪುಟವನ್ನು ದಾಟುವುದು ಸಾಧ್ಯವಿಲ್ಲ. ಅವರ ನಿವೃತ್ತಿಯ ಈ ಶುಭಸಂದರ್ಭದಲ್ಲಿ ಅಭಿನಂದನ ಸಮಿತಿಯವರು ನನ್ನಿಂದಲೂ ಒಂದು ಲೇಖನವನ್ನು ಬಯಸಿದಾಗ ಹಿಗ್ಗೂ ಅಂಜಿಕೆಯೂ ಒಟ್ಟಿಗೇ ಆದವು. ಅವರನ್ನು ಹೊಗಳಲು ವೈದ್ಯರಿದ್ದಾರೆ, ಪುರಸಭೆಯ ಹಿರಿಯರಿದ್ದಾರೆ, ತೋಟದ ಸಾಹುಕಾರರಿದ್ದಾರೆ. ಆದರೆ ಅವರ ಕೈಕೆಳಗೆ ಕಲಿತು, ಅವರು ಹೇಳಿಕೊಟ್ಟದ್ದನ್ನು ಒಂದಕ್ಷರ ಬಿಡದೆ ಒಪ್ಪಿಸಿ, ಪರೀಕ್ಷೆಯಲ್ಲಿ ಫೇಲಾದವಳು ನಾನೊಬ್ಬಳೇ. ಈ ಅರ್ಹತೆಯ ಬಲದಿಂದಲೇ ನಾಲ್ಕು ಮಾತು ಬರೆಯುತ್ತಿದ್ದೇನೆ.

ಆಲೂರಿನ ಬಟ್ಟೆ ವ್ಯಾಪಾರಿ ರುದ್ರಯ್ಯನವರ ಮಗಳಾದ ಕಲ್ಯಾಣಮ್ಮನವರು, ಹೆಣ್ಣುಮಕ್ಕಳು ಮಾಧ್ಯಮಿಕ ಶಾಲೆ ಮುಗಿಸುವುದೇ ಹೆಚ್ಚೆಂದು ತಿಳಿದಿದ್ದ ಕಾಲದಲ್ಲಿ, ನೆಂಟರಿಷ್ಟರ ಕುಹಕಕ್ಕೆ ಕಿವಿಗೊಡದೆ ಮೈಸೂರಿಗೆ ಹೋಗಿ ದಾದಿಯ ತರಬೇತಿ ಪಡೆದು ಬಂದವರು. ರಸ್ತೆಯಿದ್ದ ಕಡೆ ಎತ್ತಿನ ಗಾಡಿಯಲ್ಲಿ, ಇಲ್ಲದ ಕಡೆ ಸೀರೆ ಎತ್ತಿ ಕಟ್ಟಿಕೊಂಡು ನಡೆದು, ಗುಡ್ಡಗಳ ನಡುವೆ ಕೂಲಿಯಾಳುಗಳಿರುವ ಎಸ್ಟೇಟ್ ಲೈನುಗಳಿಗೆ ಹೋಗಿ ಹೆರಿಗೆ ಮಾಡಿಸಿದವರು. ಅವರ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆಂಬುದನ್ನು ಈ ಸಂಪುಟದ ಉಳಿದ ಲೇಖಕರು ಸೌಜನ್ಯದಿಂದ ಮುಚ್ಚಿಡಬಹುದು, ನಾನು ಮುಚ್ಚಿಡಲಾರೆ. ಉಗುರು ಬೆಳೆಸಿದ ಹುಡುಗಿಯನ್ನು ವಾರ್ಡಿನ ಹೊಸ್ತಿಲಿನಿಂದಲೇ ವಾಪಸು ಕಳಿಸುತ್ತಿದ್ದರು. ಅದೇ ಹುಡುಗಿಗೆ ಜ್ವರ ಬಂದರೆ ಮನೆಯಿಂದ ಗಂಜಿ ಮಾಡಿಕೊಂಡು ಬರುವವರೂ ಅವರೇ.

ನಾನು ಮತ್ತು ಕುಂದೂರು ಕಡೆಯ ಚೆಲುವಮ್ಮ ಮಿಡ್‌ವೈಫ್ ತರಬೇತಿಗೆ ಸಕಲೇಶಪುರದ ಆಸ್ಪತ್ರೆಯಲ್ಲಿ ಅವರ ಬಳಿ ಸೇರಿದ್ದು ೧೯೫೬ರಲ್ಲಿ. ನನ್ನ ತಂದೆ ಮುಖ್ತಾರ್ ಸಾಹೇಬರು ಎಸ್ಟೇಟುಗಳಿಂದ ಹಾಸನಕ್ಕೆ ಕಾಫಿ ಸಾಗಿಸುವ ಲಾರಿಯ ಡ್ರೈವರ್. ಮಗಳನ್ನು ರಾತ್ರಿ ಪಾಳಿಯ ಕೆಲಸಕ್ಕೆ ಬಿಟ್ಟರೆಂದು ನಮ್ಮವರು ಅವರನ್ನು ಆಡಿಕೊಳ್ಳದ ದಿನವಿರಲಿಲ್ಲ. ಅಬ್ಬಾ ಒಂದೇ ಮಾತು ಹೇಳಿದ್ದರು: ಪಾಸಾಗಿ ಬಂದರೆ ಯಾರ ಬಾಯಿಗಾದರೂ ಉತ್ತರ ಕೊಡುತ್ತೇನೆ, ಫೇಲಾದರೆ ಮನೆಯಲ್ಲಿರಬೇಕು. ಪರೀಕ್ಷೆಯಲ್ಲಿ ತೇರ್ಗಡೆಯಾಗಿ ಹೆಸರು ರಿಜಿಸ್ಟರ್ ಆಗದ ಹೊರತು ಸ್ವತಂತ್ರವಾಗಿ ಹೆರಿಗೆ ಮಾಡಿಸುವ ಹಕ್ಕು ನಮಗಿರಲಿಲ್ಲವಾದ್ದರಿಂದ, ನನ್ನ ಮಟ್ಟಿಗೆ ಎಲ್ಲವೂ ಆ ಒಂದು ಪರೀಕ್ಷೆಯ ಮೇಲೆಯೇ ನಿಂತಿತ್ತು.

ಅಭ್ಯಾಸಕ್ಕೆ ಹಳೆಯ ಪ್ರಶ್ನೆಪತ್ರಿಕೆಗಳು ನಮ್ಮ ಕಡೆ ಸಿಗುತ್ತಿರಲಿಲ್ಲ. ಕಲ್ಯಾಣಮ್ಮನವರು ತಾವು ಕಂಡ ಹೆರಿಗೆಗಳಿಂದಲೇ ಪ್ರಶ್ನೆಗಳನ್ನು ಕಟ್ಟುತ್ತಿದ್ದರು. ಬೆಳಿಗ್ಗೆ ಕತ್ತರಿ, ಚಿಮಟಗಳನ್ನು ಕುದಿಯಲು ಇಟ್ಟರೆ ಪ್ರಶ್ನೆಗಳು ಶುರುವಾಗುತ್ತಿದ್ದವು.

"ಆನೇಮಹಲಿಂದ ಒಳಗೆ ಎರಡು ಮೈಲಿ, ಲೈನ್ ಮನೆ. ನಾಲ್ಕನೇ ಹೆರಿಗೆ. ಮಗು ಬಂತು, ಮಾಸೂ ಬಂತು, ರಕ್ತ ಮಾತ್ರ ನಿಲ್ತಾ ಇಲ್ಲ. ಏನ್ ಮಾಡ್ತೀಯೇ ತಾಹಿರಾ?"

"ಮೊದ್ಲು ಲಾರಿ ನಿಲ್ಸಕ್ಕೆ ಆಳು ಓಡುಸ್ತೀನಿ, ಸಿಸ್ಟರ್."

"ಹ್ಞಾಂ! ಅದು ಮೊದ್ಲು. ಆಮೇಲೆ?"

ಅದು ಮೊದಲಾಗಿದ್ದಕ್ಕೆ ಕಾರಣವಿತ್ತು. ಕಾಫಿ ಲಾರಿಗಳು ಬೆಳಗಾಗುವ ಮುಂಚೆ ಗುಡ್ಡ ಇಳಿದು ಹೋಗಿಬಿಟ್ಟರೆ ಸಂಜೆಯವರೆಗೆ ಬೇರೆ ಗಾಡಿ ಇರುತ್ತಿರಲಿಲ್ಲ. ಹಾಗೆ ಗಾಡಿ ಸಿಗದೆ ಹೋದ ಬಾಣಂತಿಯರನ್ನು ಅವರು ಕಣ್ಣಾರೆ ಕಂಡಿದ್ದರು. ಆದ್ದರಿಂದ ಪ್ರಶ್ನೆ ಯಾವುದೇ ಇರಲಿ, ನಮ್ಮ ಉತ್ತರ ಲಾರಿಯಿಂದಲೇ ಹೊರಡಬೇಕಿತ್ತು. ನಾನಂತೂ ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಲಾರಿ ಎನ್ನುತ್ತಿದ್ದೆ.

ಹಾಸನದಲ್ಲಿ ಮೌಖಿಕ ಪರೀಕ್ಷೆ. ಹೊರಗಿನಿಂದ ಬಂದಿದ್ದ ಲೇಡಿ ಡಾಕ್ಟರು ಕನ್ನಡಕದ ಮೇಲಿಂದ ನನ್ನನ್ನು ನೋಡಿ, "ಹೆರಿಗೆಯಾದ ಮೇಲೆ ರಕ್ತಸ್ರಾವ ನಿಲ್ಲಲಿಲ್ಲ. ಮೊದಲು ಏನು ಮಾಡುತ್ತೀಯಮ್ಮ?" ಎಂದು ಕೇಳಿದರು. ನನ್ನ ಎದೆ ಹಿಗ್ಗಿತು. ಬಾಯಿಪಾಠವಾದ ಪ್ರಶ್ನೆ!

"ಲಾರಿ ನಿಲ್ಸ್ತೀನಿ, ಮೇಡಂ."

"ಯಾವ ಲಾರಿ?"

"ಕಾಫಿ ಲಾರಿ."

ಅವರು ನಗಲಿಲ್ಲ. "ನೀನು ಲಾರಿ ಹುಡುಕುವಷ್ಟು ಹೊತ್ತು ಆ ಬಾಣಂತಿಯ ಹೊಟ್ಟೆಯ ಮೇಲೆ ಯಾರ ಕೈ ಇರುತ್ತದೆ?" ಎಂದರು. ಗರ್ಭಕೋಶವನ್ನು ಕೈಯಿಂದ ಉಜ್ಜಿ ಗಟ್ಟಿ ಮಾಡಬೇಕೆಂಬುದು ನನಗೆ ಗೊತ್ತಿಲ್ಲದೆ ಇರಲಿಲ್ಲ. ನನ್ನ ಉತ್ತರದಲ್ಲಿ ಅದು ಮೂರನೆಯದಾಗಿ ಬರಬೇಕಾಗಿತ್ತು. ಆದರೆ ಅಷ್ಟರಲ್ಲಿ ಅವರು ಅಂಕ ಬರೆದು ಮುಂದಿನವಳನ್ನು ಕರೆದಿದ್ದರು. ಗಾಡಿಯ ಮಾತೇ ಬೇಡದ ಬೇರೆ ಪ್ರಶ್ನೆ ಬಿದ್ದಿದ್ದ ಚೆಲುವಮ್ಮ ಪಾಸಾದಳು, ನಾನು ಫೇಲಾದೆ.

ಅಳುತ್ತಾ ಎಲ್ಲವನ್ನೂ ಹೇಳಿದಾಗ ಕಲ್ಯಾಣಮ್ಮನವರು ಪರೀಕ್ಷಕರನ್ನು ಬೈಯುತ್ತಾರೆಂದುಕೊಂಡಿದ್ದೆ. ನನ್ನನ್ನಾದರೂ ಬೈದಿದ್ದರೆ ಸಮಾಧಾನವಾಗುತ್ತಿತ್ತು. ಅವರು "ಡಾಕ್ಟರಮ್ಮ ಸರಿಯಾಗೇ ಕೇಳವ್ರೆ ಕಣೇ" ಎಂದಷ್ಟೇ ಹೇಳಿ ವಾರ್ಡಿಗೆ ಹೋದರು.

ಮಾರನೆಯ ಸಂಜೆ ನಮ್ಮ ಮನೆಯ ಬಾಗಿಲಲ್ಲಿ ಅವರೇ ನಿಂತಿದ್ದರು. ನನ್ನ ಅಜ್ಜಿ ಮರಿಯಮ್ ಬೀ ಗಡಬಡಿಸಿ ಚಾಪೆ ಹಾಸಿದರು. ಅಬ್ಬಾ ನನ್ನನ್ನು ಇನ್ನು ಕಳಿಸುವುದಿಲ್ಲವೆಂದು ಅಂದು ಬೆಳಿಗ್ಗೆಯೇ ತೀರ್ಮಾನಿಸಿ ಆಗಿತ್ತು.

"ಮುಖ್ತಾರ್ ಸಾಹೇಬ್ರೆ, ಫೇಲಾಗಿರೋಳು ನಿಮ್ಮ ಮಗಳಲ್ಲ ಕಣ್ರೀ, ನಾನು" ಎಂದರು ಕಲ್ಯಾಣಮ್ಮನವರು. "ಪ್ರಶ್ನೆ ನಂದು, ಉತ್ತರಾನೂ ನಂದೇ. ಗಾಡಿ ಚಿಂತೇಲಿ ಕೈ ಮಾತು ಹಿಂದಕ್ಕೆ ಹಾಕ್ಬುಟ್ಟೆ. ಇನ್ನಾರು ತಿಂಗಳಿಗೆ ಮತ್ತೆ ಪರೀಕ್ಷೆ ಐತೆ. ನನಗೊಂದು ಅವಕಾಶ ಕೊಡಿ."

ಅಬ್ಬಾ ಎದ್ದು ನಿಂತರು. "ಅಮ್ಮಾ, ನೀವು ಹಂಗೆಲ್ಲ ಕೇಳ್ಬ್ಯಾಡಿ" ಎಂದರು. ಒಪ್ಪಿಗೆಯೋ ಅಲ್ಲವೋ ತಿಳಿಯದೆ ನಾನು ಕದದ ಹಿಂದೆ ಕಿವಿಗೊಟ್ಟು ನಿಂತಿದ್ದೆ. ಆಗ ಅಜ್ಜಿಯೇ ದಾರಿ ಮಾಡಿಕೊಟ್ಟರು. "ಹುಡುಗೀದೇನ್ ತಪ್ಪೈತೆ? ಲಾರಿ ನಿಲ್ಸ್ತೀನಿ ಅಂದೈತೆ. ನಿಂದು ಲಾರಿ ನಿಂತ್ರೆ ತಾನೇ! ಸ್ವಂತ ಅಮ್ಮ ಕೈ ಅಡ್ಡ ಹಾಕಿದ್ರೂ ನಿಲ್ಲಲ್ಲ" ಎಂದು ಮಗನನ್ನೇ ತರಾಟೆಗೆ ತೆಗೆದುಕೊಂಡರು. ಅಬ್ಬಾ ನಕ್ಕುಬಿಟ್ಟರು. ಇನ್ನೊಂದು ಸಲಕ್ಕೆ ಅಪ್ಪಣೆಯಾಯಿತು, ಅದೂ ಒಂದೇ ಸಲಕ್ಕೆ.

ಅಲ್ಲಿಂದ ಮುಂದೆ ನಮ್ಮ ಪಾಠದ ರೀತಿಯೇ ಬದಲಾಯಿತು. ತಾವು ವರ್ಷಗಟ್ಟಲೆ ನೆಚ್ಚಿಕೊಂಡು ಬಂದ ಕ್ರಮವನ್ನು ಒಬ್ಬ ಶಿಷ್ಯೆಯ ಸೋಲಿಗಾಗಿ ಮುರಿದು ಕಟ್ಟುವ ಮನಸ್ಸು ಎಷ್ಟು ಮಂದಿ ಗುರುಗಳಿಗಿದ್ದೀತು? ಅವರು ಒಂದು ಬಟ್ಟೆಯ ಚೀಲಕ್ಕೆ ತೌಡು ತುಂಬಿ ಹೊಲಿದು ಮೇಜಿನ ಮೇಲೆ ಇಟ್ಟರು. ಅದೇ ಬಾಣಂತಿಯ ಹೊಟ್ಟೆ. ಪ್ರಶ್ನೆ ಕೇಳಿದೊಡನೆ ನಾನು ಬಾಯಿ ತೆರೆದರೆ, "ಬಾಯಲ್ಲಿ ಬ್ಯಾಡ, ಕೈಯಲ್ಲಿ ಹೇಳು" ಎನ್ನುತ್ತಿದ್ದರು. ಕೈ ಚೀಲದ ಮೇಲೆ ಹೋಗಿ ಕೆಲಸ ಶುರುಮಾಡಿದ ಮೇಲೆಯೇ ಮಾತಿಗೆ ಅನುಮತಿ. ಲಾರಿಯನ್ನು ಅವರು ಬಿಟ್ಟುಕೊಡಲಿಲ್ಲ: ಕೈ ಹೊಟ್ಟೆಯ ಮೇಲಿರುವಾಗಲೇ ಬಾಯಿ ಆಳನ್ನು ಓಡಿಸಬೇಕು. ಅಷ್ಟರಲ್ಲಿ ನಮ್ಮ ಆಸ್ಪತ್ರೆಯಲ್ಲೇ ಕೆಲಸಕ್ಕೆ ಸೇರಿದ್ದ ಚೆಲುವಮ್ಮ, ಕಾಂಪೌಂಡರ್ ನಂಜುಂಡಯ್ಯನವರ ಕನ್ನಡಕ ಎರವಲು ತಂದು ಮೂಗಿಗೇರಿಸಿ, "ಯಾವ ಲಾರಿಯಮ್ಮಾ?" ಎಂದು ಪರೀಕ್ಷಕಿಯಾಗಿ ನನ್ನನ್ನು ಗೋಳು ಹೊಯ್ದುಕೊಳ್ಳುತ್ತಿದ್ದಳು. ಒಂದೊಂದು ದಿನ ಕಲ್ಯಾಣಮ್ಮನವರೇ ಉತ್ತರ ಹೇಳುವವರ ಸ್ಟೂಲಿನ ಮೇಲೆ ಕುಳಿತು, "ಈಗ ನನ್ನ ಕೇಳ್ರೇ" ಎನ್ನುತ್ತಿದ್ದರು. ಅವರು ತಡವರಿಸಿದ್ದೂ ಉಂಟು. ಆಗ ಮೂವರೂ ಪುಸ್ತಕ ತೆಗೆದು ಓದುತ್ತಿದ್ದೆವು.

ಎರಡನೆಯ ಪರೀಕ್ಷೆಯಲ್ಲಿ ಆ ಪ್ರಶ್ನೆ ಬರಲೇ ಇಲ್ಲ! ಹುಟ್ಟಿದ ಮಗು ಅಳದಿದ್ದರೆ ಏನು ಮಾಡುವೆ ಎಂದು ಕೇಳಿದರು. ಬಾಯಿಗಿಂತ ಮೊದಲು ನನ್ನ ಕೈಗಳು ಮೇಜಿನ ಮೇಲಿದ್ದ ಗೊಂಬೆಯನ್ನೆತ್ತಿಕೊಂಡವು.

ಫಲಿತಾಂಶ ತಿಳಿದು ನಾನು ಓಡಿಬಂದಾಗ ಕಲ್ಯಾಣಮ್ಮನವರು ಒಂದು ಹಸುಗೂಸಿಗೆ ಸ್ನಾನ ಮಾಡಿಸುತ್ತಿದ್ದರು. "ಸಿಸ್ಟರ್, ಪಾಸು!" ಎಂದೆ. ಅವರು ಕೂಸನ್ನು ಒರೆಸಿ, ಬಟ್ಟೆ ಸುತ್ತಿ, ತಾಯಿಯ ಪಕ್ಕ ಮಲಗಿಸಿದರು. ಆಮೇಲೆ, "ಓಡು, ಕಲ್ಯಾಣಮ್ಮ ಪಾಸಾದ್ಲು ಅಂತ ನಿಮ್ಮಪ್ಪಂಗೆ ಹೇಳೋಗು" ಎಂದರು. ಅವರ ಕಣ್ಣು ತುಂಬಿದ್ದನ್ನು ನಾನು ಕಂಡದ್ದು ಅದೊಂದೇ ಸಲ. ಲಾರಿ ಸ್ಟ್ಯಾಂಡಿನಲ್ಲಿ ಬಾನೆಟ್ ಎತ್ತಿ ನಿಂತಿದ್ದ ಅಬ್ಬಾಗೆ ಹಾಗೆಯೇ ಹೇಳಿದೆ. "ಸಿಸ್ಟರಮ್ಮ ಪಾಸಾದರೇ? ಅಲ್‌ಹಮ್ದುಲಿಲ್ಲಾ" ಎಂದು ಕೈ ಒರೆಸಿಕೊಳ್ಳುತ್ತಾ, ಅಂಜುತ್ತಲೇ ಕೇಳಿದರು: "ಮತ್ತೆ ನೀನು?"

ಪರೀಕ್ಷೆಯಲ್ಲಿ ಬಾರದ ಆ ಪ್ರಶ್ನೆ ೧೯೬೧ರಲ್ಲಿ, ನಾನು ಕುಂದೂರಿನ ಹೆರಿಗೆ ಕೇಂದ್ರದಲ್ಲಿದ್ದಾಗ, ಹೋಬಳಿಯ ಒಳಹಳ್ಳಿಯೊಂದರಲ್ಲಿ ಬಂತು. ಬಾಣಂತಿಯ ಹೆಸರು ಮಾದೇವಮ್ಮ. ರಕ್ತ ಹರಿಯುವುದನ್ನು ಕಂಡ ಗಳಿಗೆಗೆ ನನ್ನ ಕೈ ಅವಳ ಹೊಟ್ಟೆಯ ಮೇಲಿತ್ತು. ಬಾಯಿ ಅವಳ ಗಂಡ ಗಿಡ್ಡಯ್ಯನನ್ನು ರಸ್ತೆಗೆ ಓಡಿಸುತ್ತಿತ್ತು: "ಯಾವ ಲಾರಿ ಬಂದ್ರೂ ಅಡ್ಡ ನಿಂತ್ಕಳಯ್ಯಾ!" ಲಾರಿ ಸಿಕ್ಕಿತು. ಹಾಸನದ ಆಸ್ಪತ್ರೆ ಮುಟ್ಟುವವರೆಗೆ ಮೂಟೆಗಳ ನಡುವೆ ಮಂಡಿಯೂರಿ ಕೈ ತೆಗೆಯದೆ ಕುಳಿತಿದ್ದೆ.

ಪೂಜ್ಯ ಕಲ್ಯಾಣಮ್ಮನವರಿಗೆ ಭಗವಂತನು ಆಯುರಾರೋಗ್ಯಗಳನ್ನು ಕೊಟ್ಟು ಕಾಪಾಡಲಿ. ನಿವೃತ್ತಿಯೆಂಬುದು ಸರ್ಕಾರದ ಕಾಗದದಲ್ಲಷ್ಟೇ ಉಳಿದು, ಈ ವರ್ಷ ಪರೀಕ್ಷೆಗೆ ಕುಳಿತಿರುವ ಹುಡುಗಿಯರಿಗೂ ಅವರ ಪ್ರಶ್ನೆಗಳೂ ಬೈಗುಳಗಳೂ ಧಾರಾಳವಾಗಿ ದೊರೆಯಲಿ. ನನ್ನ ಕೃತಜ್ಞತೆಯನ್ನು ಹಾರ, ಫಲತಾಂಬೂಲಗಳಿಂದ ತೀರಿಸಲಾರೆನೆಂದು ಬಲ್ಲೆ. ಮಾದೇವಮ್ಮನೂ ಅಂದು ಹುಟ್ಟಿದ ಅವಳ ಮಗಳೂ ಸಮಾರಂಭಕ್ಕೆ ಬರಲು ಒಪ್ಪಿದ್ದಾರೆ. ಕಲ್ಯಾಣಮ್ಮನವರು ಅವರನ್ನು ಈವರೆಗೆ ನೋಡಿಲ್ಲ. ಸಮಿತಿಯವರು ಅನುಮತಿ ಕೊಟ್ಟರೆ ಅವರಿಬ್ಬರನ್ನೂ ನಾನೇ ಕೈಹಿಡಿದು ವೇದಿಕೆಗೆ ಕರೆತರುತ್ತೇನೆ. ಭಾಷಣ ಮಾಡುವುದಿಲ್ಲ. ತಾಯಿಯನ್ನು ಅವರ ಒಂದು ಪಕ್ಕಕ್ಕೆ, ಮಗಳನ್ನು ಇನ್ನೊಂದು ಪಕ್ಕಕ್ಕೆ ಕೂರಿಸಿ ಕೆಳಗಿಳಿದು ಬರುತ್ತೇನೆ.