ಎಡಚನ ಮೈಕು

ಮಾರೇನಹಳ್ಳಿಯಲ್ಲಿ ಬೇಕರಿಯ ಮೇಲಿರುವ ಪುಟ್ಟ ರೆಕಾರ್ಡಿಂಗ್ ಸ್ಟುಡಿಯೋ ಅಮೀನಪ್ಪನದು. ಸ್ನೇರ್ ಡ್ರಮ್ಮಿಗೆ ಮೈಕ್ ಇಡುವ ವಿಷಯದಲ್ಲಿ ಅವನು ಯಾರ ಮಾತನ್ನೂ ಕೇಳುವವನಲ್ಲ. ದುಬಾರಿ ಮೈಕ್ ಹೊತ್ತು ತಂದವರಿಗೆ, "ಅದನ್ನ ಹಾಡೋರಿಗೆ ಇಡ್ರಿ," ಎಂದು ಗದರಿ, ತನ್ನ ನೆಗ್ಗಿದ ಹಳೆಯ ಮೈಕನ್ನೇ ಡ್ರಮ್ಮಿನ ಅಂಚಿನಿಂದ ಎರಡು ಬೆರಳು ಮೇಲೆ, ನಡುವಿಗೆ ಮುಖ ಮಾಡಿ ನಿಲ್ಲಿಸುತ್ತಾನೆ. ತಳದ ತಂತಿಗಳ ಸರಸರ ಹಿಡಿಯಲು ಕೆಳಗೆ ಇನ್ನೊಂದು. ಆಮೇಲೂ ಹೆಡ್‌ಫೋನ್ ಹಾಕಿ ಕೇಳದೆ ಯಾರಿಗೂ ಸರಿ ಎಂದವನಲ್ಲ.

ಅಲ್ಲಿ ಡ್ರಮ್ಸ್ ಬಾರಿಸುತ್ತಿದ್ದವನು ಅವನ ತಮ್ಮ ಗವಿಸಿದ್ದ. ಎಡಚ. ಹೋದ ತಿಂಗಳು ಕೆಂಗೇರಿ ಹತ್ತಿರ ಬೈಕಿನಿಂದ ಬಿದ್ದು ತೀರಿಕೊಂಡ. ಊರಲ್ಲಿ ಮಣ್ಣು ಮಾಡಿ ಬಂದ ಅಮೀನಪ್ಪ ಅಳಲಿಲ್ಲ. ಸ್ಟುಡಿಯೋ ತೆರೆದ, ಕೇಬಲ್ ಸುತ್ತಿಟ್ಟ, ಫೋನ್ ಮಾಡಿದವರಿಗೆ ತಾರೀಖು ಕೊಟ್ಟ.

ಇವತ್ತು ಬಾರಿಸಲು ಬಂದವಳು ಕುಸುಮಾ. ಅವಳು ಬರುವ ಮೊದಲೇ ಮೈಕುಗಳು ನಿಂತಿದ್ದವು. ಕೂತವಳು ಕೋಲು ಎತ್ತಿ, ಹಾಗೇ ನಿಲ್ಲಿಸಿದಳು.

"ಅಣ್ಣ, ಮೈಕ್ ಬಲಗಡೆ ಇದ್ರೆ ನನ್ನ ಸ್ಟಿಕ್ ಅದಕ್ಕೇ ಬಡಿಯತ್ತೆ. ನಾನು ರೈಟ್ ಹ್ಯಾಂಡ್ ಅಲ್ವಾ?"

ಅಮೀನಪ್ಪ ನೋಡಿದ. ಎಡಚನಿಗೆ ಇಡುವ ಕಡೆಯೇ ಇಟ್ಟಿದ್ದ. ಸ್ಟ್ಯಾಂಡ್ ಎತ್ತಿ ಎಡಗಡೆಗೆ ತಂದ, ಮತ್ತೆ ಎರಡು ಬೆರಳು ಅಳೆದ, ರೆಕಾರ್ಡ್ ಮಾಡುವ ಒಳಕೋಣೆಗೆ ಹೋಗಿ ಕೂತ.

ಕುಸುಮಾ ಒಂದಷ್ಟು ಹೊತ್ತು ಬಾರಿಸಿ, ಬಾಗಿಲ ಕಡೆ ತಿರುಗಿ ಕೂಗಿದಳು. "ಹೆಂಗೆ ಬರ್ತಿದೆ ಅಣ್ಣ?"

"ಚೊಲೋ ಬರಾಕತ್ತೈತ್ರಿ," ಎಂದ ಅಮೀನಪ್ಪ.

ಹೆಡ್‌ಫೋನ್ ಗೋಡೆಯ ಮೊಳೆಯಲ್ಲೇ ತೂಗುತ್ತಿತ್ತು.