ಎಡದಿಂದ ಬಲಕ್ಕೆ ಹೆಸರು ಕೇಳುತ್ತಿದ್ದ ಕಾಕಾ

ನಾನು ಶಾಲೆ ಬಿಟ್ಟದ್ದು ೧೯೯೯ರಲ್ಲಿ, ಒಂಬತ್ತನೆಯ ತರಗತಿಯ ಅರ್ಧಕ್ಕೆ. ಅದೇ ವರ್ಷ ಭಾಲ್ಕಿಯ ಒಂದು ಟಿ.ವಿ. ರಿಪೇರಿ ಅಂಗಡಿ ಸೇರಿದೆ. ಪಕ್ಕದಲ್ಲೇ ಫೋಟೊ ಸ್ಟುಡಿಯೊ. ಅದರ ಯಜಮಾನರ ಬಲಗೈಯ ಮೂರು ಉಗುರುಗಳು ಫೋಟೊ ತೊಳೆಯುವ ಔಷಧಿಗೆ ಸಿಕ್ಕಿ, ಹುರಿದ ಹುಣಸೆಬೀಜದ ಬಣ್ಣಕ್ಕೆ ತಿರುಗಿದ್ದವು. ಆ ಬೆರಳೆತ್ತಿ ಅವರು ಜನರನ್ನು ಸಾಲಾಗಿ ನಿಲ್ಲಿಸುತ್ತಿದ್ದರು. ಊರೆಲ್ಲ ಅವರನ್ನು ಸ್ಟುಡಿಯೊ ಕಾಕಾ ಅನ್ನುತ್ತಿತ್ತು.

ಗುಂಪಿನ ಫೋಟೊ ಅಂದರೆ ಅವರದೊಂದು ನೇಮ. ಎಡದಿಂದ ಬಲಕ್ಕೆ ಒಬ್ಬೊಬ್ಬರ ಹೆಸರು, ಊರು ಕೇಳಿ ರಿಜಿಸ್ಟರಿನಲ್ಲಿ ಬರೆದುಕೊಳ್ಳುವ ತನಕ ಕ್ಯಾಮೆರಾ ಮುಟ್ಟುತ್ತಿರಲಿಲ್ಲ. ಒಂದು ಮದುವೆಯಲ್ಲಿ ಮದುಮಗನ ಸೋದರಮಾವ ಸಿಟ್ಟಾದ.

"ಕಾಕಾ, ಊಟ ಆರ್ಲತ್ತದ, ಹೊಡೀರಿ ಲಗೂನ."

"ಊಟ ಆರಿದ್ರ ಬಿಸಿ ಮಾಡ್ತಾರ. ನೀ ಹೆಸರು ಹೇಳು ಮೊದಲ."

ಆ ರಿಜಿಸ್ಟರುಗಳಿಗೆ ಗೆದ್ದಲು ಹಿಡಿದಾಗ ಕಾಕಾ ಕಂಪ್ಯೂಟರ್ ಕೊಂಡರು. ಹಳೆಯ ನೆಗೆಟಿವ್‌ಗಳನ್ನೆಲ್ಲ ಸ್ಕ್ಯಾನ್ ಮಾಡಿ ಅದಕ್ಕೆ ಹಾಕಿದರು. ಫೋಟೊ ನೋಡುವ ಒಂದು ಪ್ರೋಗ್ರಾಂ ಇತ್ತು. ಮೇಲೆ ಚಿತ್ರ, ಕೆಳಗೆ ಬರೆಯಲು ಜಾಗ. ಅಲ್ಲಿ ರಿಜಿಸ್ಟರು ನೋಡಿ ಎರಡೇ ಬೆರಳಲ್ಲಿ ಸಾವಿರಾರು ಹೆಸರು ಕನ್ನಡದಲ್ಲಿ ಕುಟ್ಟಿದರು. ಆ ಕಂಪ್ಯೂಟರ್ ಕೆಟ್ಟಾಗ ಮೊದಲ ಸಲ ಬಿಚ್ಚಲು ಕೊಟ್ಟದ್ದು ನನಗೆ. ನಾನು ಶಾಲೆ ಕಲಿತವನಲ್ಲ ಎಂದು ಹಿಂಜರಿದೆ.

"ಕಲ್ತವ್ರು ಪುಸ್ತಕ ನೋಡ್ತಾರ, ನೀ ಬಿಚ್ಚಿ ನೋಡು. ಕೆಟ್ಟಿದ್ದು ಇನ್ನೇನು ಕೆಡ್ತದ?" ಎಂದರು.

ಆ ಒಂದು ಮಾತಿನ ಮೇಲೆ ನಾನು ಬೀದರಿನಲ್ಲಿ ಕಂಪ್ಯೂಟರ್ ಅಂಗಡಿ ಹಾಕಿದೆ.

ಕೆಲವು ವರ್ಷಗಳ ಹಿಂದೆ ಅವರ ಯಂತ್ರ ಪೂರ್ತಿ ಕೈಕೊಟ್ಟಿತು. ಹೊಸದನ್ನು ನಾನೇ ಜೋಡಿಸಿದೆ. ಹಳೆಯ ಡಿಸ್ಕಿನಿಂದ ಫೋಟೊಗಳನ್ನೆಲ್ಲ ತಂದು ಹಾಕಿದೆ. ಪ್ರತಿ ಫೋಲ್ಡರಿನಲ್ಲೂ ಒಂದು ಸಣ್ಣ ಫೈಲ್ ಇತ್ತು. ತೆರೆದರೆ ತಲೆಬುಡವಿಲ್ಲದ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿ. ವೈರಸ್ಸಿನ ಕಸ ಅಂದುಕೊಂಡು ಹೊಸ ಯಂತ್ರದಿಂದ ಒಂದೂ ಬಿಡದೆ ಅಳಿಸಿದೆ. ಹಳೆಯ ಪ್ರೋಗ್ರಾಮನ್ನೂ ಹಾಕಲಿಲ್ಲ. "ಹೊಸಾದ್ರಾಗ ಎಲ್ಲಾ ಬರ್ತದ್ರಿ ಕಾಕಾ" ಎಂದು ಎದೆ ಉಬ್ಬಿಸಿ ಬಂದೆ.

ಹದಿನೈದು ದಿನಕ್ಕೆ ಕಾಕಾರ ಫೋನ್ ಬಂತು. ಹೋದರೆ ಸ್ಟುಡಿಯೊದ ಬೆಂಚಿನ ಮೇಲೆ ಒಬ್ಬ ಹೆಣ್ಣುಮಗಳು ಕೂತಿದ್ದಳು, ನಲವತ್ತರ ಆಸುಪಾಸು. ಚಿಂತಾಕಿಯವಳು, ಔರಾದದಲ್ಲಿ ಬಸ್ಸು ಬದಲಿಸಿ ಬಂದಿದ್ದಳು. ಹುಟ್ಟಿದ ಹನ್ನೊಂದನೆಯ ದಿನಕ್ಕೆ ತಾಯಿಯನ್ನು ಕಳೆದುಕೊಂಡವಳು. ತಾಯಿ ನರ್ಸ್ ಆಗಿದ್ದರಂತೆ. ಚರ್ಚಿನ ಮುಂದೆ ತೆಗೆದ ನರ್ಸುಗಳ ಗುಂಪಿನಲ್ಲಿ ಇದ್ದಾರೆಂದು ಸಾಕಿದ ಮಾವಶಿ, ಅಂದರೆ ತಾಯಿಯ ಒಡಹುಟ್ಟಿದವಳು, ಸಾಯುವ ಮುಂಚೆ ಹೇಳಿದ್ದಳು. ತೆರೆಯ ಮೇಲೆ ಫೋಟೊ ಇತ್ತು. ಇಪ್ಪತ್ತಾರು ಬಿಳಿ ಸೀರೆಗಳು. ಕೆಳಗೆ ಒಂದಕ್ಷರವಿಲ್ಲ. ರಿಜಿಸ್ಟರುಗಳು ಎಂದೋ ಗೆದ್ದಲಿನ ಪಾಲಾಗಿದ್ದವು.

"ಹೆಸರೆಲ್ಲಿ ಹೋದವಪಾ?" ಕಾಕಾ ಕೇಳಿದರು.

"ನಿಮಗ ನೆನಪಿಲ್ಲೇನ್ರಿ? ಅಂದಾಜು ಹೇಳ್ರಿ," ಎಂದೆ.

"ಅಂದಾಜಿನ ಮ್ಯಾಲ ಯಾರಿಗೂ ತಾಯಿ ತೋರಸ್ಲಿಕ್ಕಿ ಬರಲ್ಲ."

ಆಗ ನನಗೆ ಹೊಳೆಯಿತು, ನಾನು ಕಸವೆಂದು ಬಳಿದದ್ದು ಏನೆಂದು. ಹಳೆಯ ಕನ್ನಡ ಫಾಂಟಿನಲ್ಲಿ ಕುಟ್ಟಿದ್ದು ಆ ಫಾಂಟ್ ಇಲ್ಲದ ಯಂತ್ರದಲ್ಲಿ ಹಾಗೇ ಕಾಣುತ್ತದೆ. ವೈರಸ್ ಎಂದು ಸುಳ್ಳು ಹೇಳಿದ್ದರೆ ಇಬ್ಬರೂ ನಂಬುತ್ತಿದ್ದರು. ಕಾಕಾ ನನ್ನ ಮುಖವನ್ನೇ ನೋಡುತ್ತಿದ್ದರು.

"ಅಳಿಸಿದಾವ ನಾನೇ ಅಕ್ಕಾರ. ತಿಳೀದ ಅಳಿಸೀನಿ."

ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಕಾಕಾ ಮಾತ್ರ, "ಹೇಳ್ದಿ, ಛಲೋ ಆತು. ಹಳೀ ಡಿಸ್ಕ್ ಎಲ್ಲಿ ಅದ?" ಎಂದರು.

ಅದು ನನ್ನ ಅಂಗಡಿಯ ಡಬ್ಬದಲ್ಲಿತ್ತು. ಅದರಲ್ಲಿದ್ದುದನ್ನೆಲ್ಲ ಅಳಿಸಿ ಬೇರೆ ಯಂತ್ರಕ್ಕೆ ಹಾಕಬೇಕೆಂದಿದ್ದೆ. ಕೈತುಂಬ ಕೆಲಸವಿದ್ದು ಅದಿನ್ನೂ ಆಗಿರಲಿಲ್ಲ. ಗಾಡಿ ತೆಗೆದು ಬೀದರಿಗೆ ಹೋಗಿ ತಂದೆ. ಅವಳು ಕೂತಲ್ಲೇ ಕೂತಿದ್ದಳು. ಕಾಕಾ ಚಹಾ ತರಿಸಿದ್ದರು.

ಸಣ್ಣ ಫೈಲುಗಳು ಇದ್ದವು. ಹಳೆಯ ಪ್ರೋಗ್ರಾಂ ಹಾಕಿದೆ, ತೆರೆಯಲಿಲ್ಲ. ಹಳೆಯ ವಿಂಡೋಸಿನಂತೆ ನಡೆಯಲಿ ಎಂದು ಸೆಟ್ಟಿಂಗ್ ಬದಲಿಸಿದೆ, ತೆರೆದು ಮುಚ್ಚಿತು. ಮತ್ತೂ ಹಳೆಯದಕ್ಕೆ ಇಳಿಸಿದೆ, ತೆರೆದೇ ನಿಂತಿತು. ಫೋಟೊ ಕೆಳಗೆ ಅದೇ ಇಂಗ್ಲಿಷ್ ರಾಶಿ.

"ಇದೇನಪಾ, ಇಂಗ್ಲಿಷ್ ನರ್ಸಮ್ಮಗೋಳೇನ್?" ಕಾಕಾ ಕಾಲೆಳೆದರು.

ಹಳೆಯ ಡಿಸ್ಕಿನಲ್ಲಿ ಹುಡುಕಿ ಆ ಫಾಂಟನ್ನು ತಂದು ಸೇರಿಸಿ, ಯಂತ್ರವನ್ನು ಮತ್ತೆ ಚಾಲೂ ಮಾಡಿದೆ. ಸಾಲು ಸಾಲಾಗಿ ಕನ್ನಡ ಬಂತು. ಕಾಕಾ ಓದುತ್ತ ಹೋದರು. ಎರಡನೆಯ ಸಾಲು, ಎಡದಿಂದ ನಾಲ್ಕನೆಯವರು. ತಾಯಿಯ ಹೆಸರು ಕೇಳಿದ್ದೇ ಅವಳು ಎದ್ದು ತೆರೆಯ ಹತ್ತಿರ ಬಂದಳು. ಫೋಟೊದಲ್ಲಿದ್ದವರಿಗೆ ಇಪ್ಪತ್ತೆರಡು ವರ್ಷವಿರಬಹುದು.

"ನನ್ನ ಮಗಳಕಿಂತ ಸಣ್ಣಾಕಿ ಇದ್ದಾಳಲ್ರಿ," ಎಂದಳು. ಅಳುತ್ತಿದ್ದಳೋ ನಗುತ್ತಿದ್ದಳೋ, ಎರಡೂ ಇತ್ತು.

ಕಾಕಾ ಆ ಒಂದು ಮುಖವನ್ನು ದೊಡ್ಡದು ಮಾಡಿ ಪ್ರಿಂಟ್ ತೆಗೆದುಕೊಟ್ಟರು. ಅವಳು ಹೋದ ಮೇಲೆ ನಾನು ತಲೆ ತಗ್ಗಿಸಿ ಕೂತಿದ್ದೆ. "ಏಳು. ಹೆಸರಿಂದು ಇನ್ನೊಂದು ಕಾಪಿ ಮಾಡು," ಎಂದರು. ಅದಕ್ಕಿಂತ ಹೆಚ್ಚು ಬೈಯಲಿಲ್ಲ.

ಹೋದ ವರ್ಷ ಕಾಕಾ ತೀರಿಕೊಂಡರು. ಕಂಪ್ಯೂಟರನ್ನು ನನಗೇ ಕೊಡಬೇಕೆಂದು ಮನೆಯಲ್ಲಿ ಹೇಳಿಟ್ಟಿದ್ದರಂತೆ. ಹಲಬರ್ಗಾ, ಕಮಠಾಣದಿಂದ ಜನ ತಮ್ಮವರನ್ನು ಹುಡುಕಿ ಈಗ ನನ್ನಲ್ಲಿಗೆ ಬರುತ್ತಾರೆ. ಯಾರಿಗೂ ನಾನು ಅಂದಾಜು ಹೇಳುವುದಿಲ್ಲ.

ಇವತ್ತು ನನ್ನ ಹತ್ತಿರ ಇರುವುದು ಒಂದು ಅಂಗಡಿ, ಇಬ್ಬರು ಕೆಲಸಗಾರರು, ಐದು ಮೇಜು, ಕಾಕಾ ತೆಗೆದ ಹನ್ನೊಂದು ಸಾವಿರ ಫೋಟೊ, ಅದರೊಳಗಿನವರ ಹೆಸರಿನ ಮೂರು ಕಾಪಿ.