ಖಾಲಿ ಮೂಲೆಯ ಕೌದಿ

ಮೊನ್ನೆ ಚಳಿ ಹೆಚ್ಚಾಯಿತೆಂದು ಸಂದೂಕದ ತಳದಲ್ಲಿದ್ದ ಹಳೆಯ ಕೌದಿಯನ್ನು ತೆಗೆದು ಅಂಗಳದ ಹಗ್ಗದ ಮೇಲೆ ಬಿಸಿಲಿಗೆ ಹಾಕಿದೆ. ಮೊದಲು ಬೇವಿನ ಎಲೆಯ ಕಹಿ ವಾಸನೆ ಬಂತು, ಆಮೇಲೆ ಹಳೆಯ ಅರಿವೆಯದು. ಕೋಲಿನಿಂದ ಎರಡು ಪೆಟ್ಟು ಬಡಿದೆನೋ ಇಲ್ಲವೋ, ಒಂದು ಮೂಲೆಯ ಹೊಲಿಗೆ ಬಿಟ್ಟು ಹಿಟ್ಟಿನಂಥ ಪುಡಿ ಉದುರಿತು. ನುಸಿ ತಿಂದ ಜೋಳ. ಅಂಗೈಯಲ್ಲಿ ಹಿಡಿದು ನೋಡಿದರೆ ಇಡೀ ಕಾಳು ನಾಲ್ಕೋ ಐದೋ ಇದ್ದವು, ಅವೂ ಒಳಗೆ ಟೊಳ್ಳು. ಕೋಲನ್ನು ಅಲ್ಲೇ ಬಿಟ್ಟು ಕಟ್ಟೆಯ ಮೇಲೆ ಕೂತೆ. ಒಲೆಯ ಮೇಲಿನ ಬೇಳೆ ಉಕ್ಕಿ ಬೂದಿಗೆ ಹೋದದ್ದೂ ತಿಳಿಯಲಿಲ್ಲ...

ಕೌದಿ ನಾನು ಹೊಲಿದದ್ದು. ಆದರೆ ಆ ಕಾಳು ದೊಡ್ಡವ್ವನ ಕೈಯಿಂದ ಬಂದದ್ದು.

ದೊಡ್ಡವ್ವ ನನಗೆ ರಕ್ತಸಂಬಂಧಿಯಲ್ಲ. ಬಳ್ಳಾರಿಯ ಕೌಲ್ ಬಜಾರಿನ ನಮ್ಮ ಕ್ರೈಸ್ತ ದೇವಾಲಯದಲ್ಲಿ ಆಗ ಸ್ತ್ರೀಯರ ಕೂಟ ಎಂದು ಒಂದಿತ್ತು. ಅದರಲ್ಲಿ ಹಿರಿಯಳು ಅವಳೇ ಆದ್ದರಿಂದ ಎಲ್ಲರೂ ಹಾಗೆ ಕರೆಯುತ್ತಿದ್ದೆವು. ಹುಟ್ಟಿದ್ದು, ಕೊಟ್ಟದ್ದು ಎರಡೂ ಕುರುಗೋಡಿನಲ್ಲಿ. ಧಾತು ಸಂವತ್ಸರದ ಆ ದೊಡ್ಡ ಬರದಲ್ಲಿ ಗಂಡ, ಮಗಳು ಇಬ್ಬರನ್ನೂ ಕಳೆದುಕೊಂಡು, ಗಂಜಿ ಕೊಡುತ್ತಾರಂತೆ ಎಂಬ ಮಾತು ಕೇಳಿ ಬಳ್ಳಾರಿಗೆ ನಡೆದು ಬಂದವಳು. ಬಂದವಳು ಇಲ್ಲೇ ಉಳಿದಳು, ಸಭೆಗೆ ಸೇರಿದಳು. ದೇವಾಲಯದ ಕಸ ಹೊಡೆಯುವುದು, ಗಂಟೆ ಬಾರಿಸುವುದು ಅವಳ ಕೆಲಸ. ಹಿತ್ತಲಲ್ಲಿ ಒಂದು ಸಣ್ಣ ಕೋಣೆ ಕೊಟ್ಟಿದ್ದರು. ಅದೊಂದು ಬಿಟ್ಟರೆ ಅವಳಿಗೆ ಬೇರೆ ಸೂರು ಇರಲಿಲ್ಲ.

ಗುರುವಾರ ಮಧ್ಯಾಹ್ನ ಪಾತ್ರೆ ತೊಳೆದಿಟ್ಟು ಒಂಬತ್ತು ಹತ್ತು ಜನ ಹೆಂಗಸರು ದೇವಾಲಯದ ಪಡಸಾಲೆಯಲ್ಲಿ ಕೂಡುತ್ತಿದ್ದೆವು. ಒಂದು ಪ್ರಾರ್ಥನೆ, ಒಂದು ಹಾಡು, ಆಮೇಲೆ ಕೌದಿ. ದಂಡಿನ ದರ್ಜಿಗಳ ಅಂಗಡಿಯಿಂದ ತಂದ ತುಂಡುಗಳು ಮಧ್ಯದಲ್ಲಿ ಗುಡ್ಡೆಯಾಗಿ ಬಿದ್ದಿರುತ್ತಿದ್ದವು. ಸೋಲ್ಜರರ ಕೋಟಿನ ಕೆಂಪು ಬನಾತು ಸಿಕ್ಕರೆ ಅದನ್ನು ಮೂಲೆಗೆಂದು ಎತ್ತಿಡುತ್ತಿದ್ದೆವು. ವರ್ಷವೆಲ್ಲ ಹೊಲಿದದ್ದನ್ನು ಕ್ರಿಸ್ಮಸ್ಸಿನ ಮರುದಿನ ಬಂಡಿಗೆ ಹೇರಿ ಸುತ್ತಲ ಊರುಗಳಲ್ಲಿ ಹೊದಿಕೆಯಿಲ್ಲದವರಿಗೆ ಕೊಟ್ಟು ಬರುವುದು ವಾಡಿಕೆ. ಬಾಣಂತಿಯರಿಗೆ ಮೊದಲು. ಯಾವ ಜಾತಿ, ಯಾವ ದೇವರು ಎಂದು ಕೇಳಬಾರದೆಂಬುದು ದೊಡ್ಡವ್ವನ ಕಟ್ಟಪ್ಪಣೆ.

ನನಗಾಗ ಹದಿನೆಂಟು. ಮದುವೆಯಾಗಿ ವರ್ಷವಾಗಿತ್ತು. ಕೂಟದಲ್ಲಿ ಓದು ಬರುತ್ತಿದ್ದವಳು ನಾನೊಬ್ಬಳೇ, ಅದರ ಜಂಬವೂ ಇತ್ತು. ಹೊಲಿಗೆ ಮಾತ್ರ ಬರುತ್ತಿರಲಿಲ್ಲ. ದಾರವನ್ನು ಎಳೆದೆಳೆದು ಅರಿವೆ ಮುದುಡಿಸಿಬಿಡುತ್ತಿದ್ದೆ.

"ಲೇ ಹುಡುಗಿ, ಕೌದಿ ಹೊಲಿಯಾಕತ್ತೀಯೋ, ನಿನ್ನ ಅತ್ತಿ ಬಾಯಿ ಹೊಲಿಯಾಕತ್ತೀಯೋ? ಹಂಗ ಬಿಗೀಬ್ಯಾಡ. ಬಿಚ್ಚು" ಎನ್ನುತ್ತಿದ್ದಳು ದೊಡ್ಡವ್ವ. ನಮ್ಮ ಅತ್ತೆ ಪಕ್ಕದಲ್ಲೇ ಕೂತು ಹೊಲಿಯುತ್ತಿದ್ದರು. "ಹೊಲಿದರೂ ಹೊಲೀಲಿ ಬಿಡಬೇ, ಇಕಿ ಕೈಯಾಗಿನ ಹೊಲಿಗಿ ನಾಕು ದಿನ ನಿಂತರ ಕೇಳು" ಎಂದು ಅವರು. ನಗು ಮುಗಿಯುವ ಹೊತ್ತಿಗೆ ದೊಡ್ಡವ್ವನ ಸೂಜಿ ನನ್ನ ಮುಂದೆ ಬಂದಿರುತ್ತಿತ್ತು. ಅವಳಿಗೆ ಕಣ್ಣು ಮಂಜು. ದಾರ ಪೋಣಿಸಿ ಕೊಡುವುದು ನನ್ನ ಪಾಲಿನ ಕೆಲಸ.

ಕೌದಿಯ ಮೂರು ಮೂಲೆ ಮುಚ್ಚಿ ನಾಲ್ಕನೆಯದಕ್ಕೆ ಬಂದಾಗ ಎಲ್ಲರೂ ಕೈ ನಿಲ್ಲಿಸುತ್ತಿದ್ದೆವು. ದೊಡ್ಡವ್ವ ಸೆರಗಿನ ಗಂಟು ಬಿಚ್ಚಿ ಒಂದು ಹಿಡಿ ಜೋಳವನ್ನು ಆ ಮೂಲೆಯೊಳಗೆ ಸುರಿದು, "ಹೊದ್ದವರ ಹೊಟ್ಟಿ ತಣ್ಣಗಿರಲಿ" ಎಂದು ಹೊಲಿದುಬಿಡುತ್ತಿದ್ದಳು. ಅವಳ ಊರ ಕಡೆಯ ಪದ್ಧತಿ ಅದು. ಕಾಳಿಲ್ಲದ ಕೌದಿಗೆ ಅವಳು ಹೊಟ್ಟೆ ಖಾಲಿ ಕೌದಿ ಎನ್ನುತ್ತಿದ್ದಳು. ಯಾಕೆ, ಏನು ಎಂದು ನಾವು ಯಾರೂ ಕೇಳಿರಲಿಲ್ಲ.

ಆ ವರ್ಷ ಮಿಶನ್ನಿನ ಹೊಸ ದೊರೆಸಾನಿಯವರು ಬಂದರು. ಒಳ್ಳೆಯ ಹೆಣ್ಣುಮಗಳು. ವಾಂತಿಭೇದಿ ಬಂದವರ ತಲೆ ತಮ್ಮ ತೊಡೆಯ ಮೇಲಿಟ್ಟುಕೊಂಡು ನೀರು ಕುಡಿಸಿದ್ದನ್ನು ನಾನೇ ಕಂಡಿದ್ದೇನೆ. ಕನ್ನಡವನ್ನು ಪುಸ್ತಕದಿಂದ ಕಲಿತಿದ್ದರು. ಒಂದು ಗುರುವಾರ ಕಾಳು ಹಾಕುವುದನ್ನು ನೋಡಿ ನನ್ನ ಕಡೆ ತಿರುಗಿ, "ಇದನ್ನು ಏತಕ್ಕಾಗಿ ಇಡುತ್ತಾರೆ?" ಎಂದು ಕೇಳಿದರು. ಗೊತ್ತಿಲ್ಲ ಎನ್ನಬಹುದಿತ್ತು. ಅವಳನ್ನೇ ಕೇಳಿರಿ ಎನ್ನಬಹುದಿತ್ತು. ಓದಿದವಳಲ್ಲವೇ, ಉತ್ತರ ನಾಲಿಗೆಯ ತುದಿಯಲ್ಲೇ ಇತ್ತು. "ಹಳೇ ಮತದ ಮೂಢನಂಬಿಕೆ ಅಮ್ಮಾ" ಎಂದುಬಿಟ್ಟೆ.

ದೊಡ್ಡವ್ವ ಆಗ ಹಿತ್ತಲಿಗೆ ನೀರು ಕುಡಿಯಲು ಹೋಗಿದ್ದಳು.

ಮುಂದಿನ ಭಾನುವಾರ ಸಭೆಯ ಹಿರಿಯರು ಅವಳನ್ನು ಕರೆದು ಕೇಳಿದರು. ಅವಳು ವಾದ ಮಾಡಲಿಲ್ಲ. ಸತ್ಯವೇದದ ಮೇಲೆ ಕೈಯಿಟ್ಟು, ಇನ್ನು ಮುಂದೆ ಕೌದಿಯಲ್ಲಿ ಕಾಳು ಇಡುವುದಿಲ್ಲ ಎಂದು ಮಾತು ಕೊಟ್ಟಳು. ಮಾತು ತಪ್ಪಿದರೆ ಕೋಣೆ ಬಿಡಬೇಕಾದೀತು ಎಂದು ಒಬ್ಬರು ಅಂದದ್ದು ನನ್ನ ಕಿವಿಗೂ ಬಿತ್ತು. ಆಗಲೇ ಹಾಕಿದ್ದ ಕಾಳನ್ನೂ ಬಿಚ್ಚಿ ತೆಗೆಸಿದ್ದರಿಂದ ಆ ವರ್ಷದ ಹನ್ನೆರಡು ಕೌದಿಗಳ ಮೂಲೆಗಳೂ ಚಪ್ಪಟೆಯಾಗಿಯೇ ಉಳಿದವು.

ಕ್ರಿಸ್ಮಸ್ಸಿನ ಮರುದಿನ ನಸುಕಿನಲ್ಲಿ ಕುರುಗೋಡಿಗೆ ಬಂಡಿ ಕಟ್ಟಿದೆವು. ದೊರೆಸಾನಿ, ದೊಡ್ಡವ್ವ, ನಾನು, ಇನ್ನಿಬ್ಬರು. ಸಂಜೆಗೆ ಊರು ಮುಟ್ಟಿ ಚಾವಡಿಯಲ್ಲಿ ಉಳಿದೆವು. ಗುಡ್ಡದ ಕಡೆಯಿಂದ ಬೀಸುತ್ತಿದ್ದ ಗಾಳಿಗೆ ಹಲ್ಲು ಕಟಕಟ ಎನ್ನುತ್ತಿದ್ದವು. ಬೆಳಿಗ್ಗೆ ಎದ್ದು ಮನೆ ಮನೆಗೆ ಹೋದೆವು. ಕೌದಿ ಇಸಕೊಂಡವರು ಮೂಲೆ ಮುಟ್ಟಿ ನೋಡಿ, ನಮ್ಮ ಮುಖ ನೋಡಿ, ಸುಮ್ಮನೆ ಒಳಗೆ ಹೋಗುತ್ತಿದ್ದರು. ನನಗೆ ಏನೂ ಅರ್ಥವಾಗಲಿಲ್ಲ.

ಕೊನೆಯದು ಗುಡ್ಡದ ಬುಡದ ಮನೆ. ಒಳಗೆ ಬಾಣಂತಿ. ಕೂಸು ಹುಟ್ಟಿ ಹತ್ತು ದಿನ, ಎರಡು ದಿನದಿಂದ ಎದೆ ಗೊರಗೊರ ಎನ್ನುತ್ತಿತ್ತಂತೆ. ಕುಳ್ಳಿನ ಕೆಂಡಕ್ಕೆ ಅಜವಾನ ಹಾಕಿದ ಹೊಗೆ ಮನೆಯೆಲ್ಲ ತುಂಬಿತ್ತು. ಕೂಸಿಗೆ ಸುತ್ತಿದ್ದು ಒಂದು ಹರಕು ಧೋತರ. ದೊಡ್ಡವ್ವ ಕೌದಿ ಚಾಚಿದಳು. ಕೂಸಿನ ಅಜ್ಜಿ ಅದನ್ನು ತೊಡೆಯ ಮೇಲೆ ಹರವಿಕೊಂಡು ಒಂದೊಂದೇ ಮೂಲೆ ಹಿಸುಕಿದಳು. ನಾಲ್ಕೂ ಆಯಿತು.

"ಮೂಲಿ ಖಾಲಿ ಅದಾವಲ್ಲಬೇ."

ದೊಡ್ಡವ್ವ ಕೌದಿಯ ಅಂಚನ್ನು ಕೂಸಿನ ಕಡೆಗೆ ಸರಿಸಿದಳು.

"ಹೊಟ್ಟಿ ಖಾಲಿ ಕೌದಿ ಹೆಣಕ್ಕ ಹೊದಸೂದು. ನನ್ನ ಮೊಮ್ಮಗ ಇನ್ನಾ ಉಸಿರಾಡಾಕತ್ತಾನ, ಕಣ್ಣು ಕಾಣವಲ್ಲವೇನು? ಅವರು ಪರದೇಶದವರು, ಅವರಿಗೆ ಗೊತ್ತಿಲ್ಲ. ನೀ ಈ ಊರಾಗ ಬಾಳ್ವಿ ಮಾಡಿದಾಕಿ. ನಿನಗ ಗೊತ್ತಿಲ್ಲೇನು?"

ಅಲ್ಲೇ, ಕೈಯಳತೆಯಲ್ಲಿ, ಮೊರದಲ್ಲಿ ಜೋಳ ಇತ್ತು. ದೊಡ್ಡವ್ವ ಸೂಜಿಯನ್ನು ಯಾವಾಗಲೂ ತುರುಬಿಗೆ ಸಿಗಿಸಿರುತ್ತಿದ್ದಳು. ಅವಳ ಕೈ ತುರುಬಿನವರೆಗೆ ಹೋದದ್ದನ್ನು ನಾನು ಕಂಡೆ. ನಾಲ್ಕು ಹೊಲಿಗೆ ಬಿಚ್ಚಿ ಒಂದು ಹಿಡಿ ಹಾಕಿದ್ದರೆ ಮುಗಿಯುತ್ತಿತ್ತು... ಬಾಗಿಲಲ್ಲಿ ದೊರೆಸಾನಿ ನಿಂತಿದ್ದರು. ಆ ಬಿರುಸಿನ ಮಾತು ಅವರಿಗೆ ತಿಳಿದಿರಲಿಲ್ಲ, ಮುಗುಳ್ನಗುತ್ತಲೇ ಇದ್ದರು. ದೊಡ್ಡವ್ವನ ಕೈ ಕೆಳಗಿಳಿಯಿತು.

"ಅವರು ಏಕೆ ತೆಗೆದುಕೊಳ್ಳುವುದಿಲ್ಲ?" ಎಂದು ದೊರೆಸಾನಿ ನನ್ನನ್ನು ಕೇಳಿದರು. ಆವತ್ತು ಅಷ್ಟು ಚುರುಕಾಗಿದ್ದ ನನ್ನ ನಾಲಿಗೆಯಿಂದ ಈಗ ಹೊರಟದ್ದು ಇಷ್ಟೇ. "ಬೇಡವಂತೆ ಅಮ್ಮಾ" ಎಂದೆ.

ಕೌದಿ ಮಡಿಸಿಕೊಂಡು ಬಂಡಿ ಹತ್ತಿದೆವು. ಬಳ್ಳಾರಿಯ ಕೋಟೆಗುಡ್ಡ ಕಾಣುವವರೆಗೂ ದೊಡ್ಡವ್ವ ಅದನ್ನು ತೊಡೆಯಿಂದ ಇಳಿಸಲಿಲ್ಲ.

ಮರುದಿನ ಬೆಳಿಗ್ಗೆ ಅವಳು ನಮ್ಮ ಮನೆಯ ಬಾಗಿಲಲ್ಲಿದ್ದಳು. ಕಂಕುಳಲ್ಲಿ ಅದೇ ಕೌದಿ, ಒಂದು ಮೂಲೆ ಉಬ್ಬಿತ್ತು. ನಮ್ಮ ಅತ್ತೆಗೆ, "ನಿನ್ನ ಸೊಸಿನ ಎರಡು ದಿನ ಕೊಡಬೇ, ಕುರುಗೋಡಿಗೆ ಉಪ್ಪಿನ ಬಂಡಿ ಹೊಂಟೈತಿ" ಎಂದಳು. ಅತ್ತೆ ಆ ಮೂಲೆಯನ್ನು ನೋಡಿದರು. ಒಳಗೆ ಹೋಗಿ ಎರಡು ರೊಟ್ಟಿ ಕಟ್ಟಿ ನನ್ನ ಕೈಗೆ ಕೊಟ್ಟರು.

ಉಪ್ಪಿನ ಚೀಲಗಳ ಮೇಲೆ ಕೂತು ಹೋಗುವಾಗ ಅವಳು ತಾನಾಗಿಯೇ ಹೇಳಿದಳು. ನನ್ನ ಕಡೆ ನೋಡದೆ, ಎತ್ತುಗಳ ಕಡೆ ನೋಡುತ್ತ.

"ಬರದಾಗ ಮನ್ಯಾಗ ಏನಂದ್ರ ಏನೂ ಇರಲಿಲ್ಲವ್ವ. ಹೊದಿಯೋ ಕೌದಿ ಮೂಲಿ ನಾನ ಬಿಚ್ಚಿದೆ. ಅದರಾಗಿನ ಜ್ವಾಳ ಕುದಿಸಿ ಮಗಳಿಗೆ ಕುಡಿಸಿದೆ. ಮೂರನೇ ದಿನಕ್ಕ ಅದ ಕೌದಿ ಹೊದಿಸಿ ಆಕಿನ ಕಳಿಸಿಕೊಟ್ಟೆ. ಖಾಲಿ ಆಗಿತ್ತಲ್ಲ."

ಬಂಡಿಯ ಗಾಲಿ ಕಲ್ಲಿಗೆ ಬಡಿದು ಇಬ್ಬರೂ ಎಗರಿ ಕೂತೆವು. ನಾನು ಆಗಲೇ ಹೇಳಬೇಕಿತ್ತು, ದೊರೆಸಾನಿಗೆ ಹೇಳಿಕೊಟ್ಟವಳು ನಾನು ಎಂದು. ಅತ್ತೆ ಕಟ್ಟಿಕೊಟ್ಟ ರೊಟ್ಟಿಯ ಗಂಟು ಬಿಚ್ಚಿ ಅವಳ ಮುಂದೆ ಹಿಡಿದೆ.

ಗುಡ್ಡದ ಬುಡದ ಮನೆಯ ಮುಂದೆ ನೀರು ಚೆಲ್ಲಿದ್ದರು. ಹೊಗೆ ಇರಲಿಲ್ಲ. ಕೂಸನ್ನು ಹಿಂದಿನ ದಿನವೇ ಮಣ್ಣು ಮಾಡಿದ್ದರು. ಅಜ್ಜಿ ಕೌದಿ ಇಸಕೊಂಡು ಉಬ್ಬಿದ ಮೂಲೆಯನ್ನು ಬಹಳ ಹೊತ್ತು ಹಿಸುಕಿದಳು. "ಈಗ ತಂದೇನಬೇ" ಎಂದಳು, ಅಷ್ಟೇ. ಸಿಟ್ಟಿರಲಿಲ್ಲ ಆ ಮಾತಿನಲ್ಲಿ. ಎದ್ದು ಹೋಗಿ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ ಸೊಸೆಗೆ ಅದನ್ನು ಹೊದಿಸಿದಳು. ಒಂದು ಕೌದಿಯಿಂದ ಆ ಕೂಸು ಉಳಿಯುತ್ತಿತ್ತೋ ಇಲ್ಲವೋ ಯಾರು ಹೇಳಬೇಕು? ಇಷ್ಟು ವರ್ಷ ನಾನೂ ಲೆಕ್ಕ ಹಾಕುತ್ತಲೇ ಇದ್ದೇನೆ.

ಗುರುವಾರದ ಕೂಟದಲ್ಲಿ ಪ್ರಾರ್ಥನೆ ಮುಗಿದ ಮೇಲೆ ದೊಡ್ಡವ್ವ ಎದ್ದು ನಿಂತಳು. ದೊರೆಸಾನಿಯೂ ಇದ್ದರು. "ಕೊಟ್ಟ ಮಾತು ಮುರದೀನಿ. ಮುರದೆ ಅಂತ ನನಗ ಅಳು ಬರವಲ್ಲದು. ಒಂದು ದಿನ ತಡಾ ಮಾಡಿ ಮುರದೆ ಅಂತ ಬರತೈತಿ" ಎಂದಳು. ಕುರುಗೋಡಿನ ಸುದ್ದಿಯನ್ನು ನಿಧಾನವಾಗಿ, ದೊರೆಸಾನಿಗೆ ತಿಳಿಯುವ ಹಾಗೆ ಹೇಳಿದಳು. ಆಮೇಲೆ ಹಿರಿಯರ ಮುಂದೆಯೂ ಅದನ್ನೇ ಹೇಳಿದಳು. ಮೂರು ತಿಂಗಳು, ರೊಟ್ಟಿ ದ್ರಾಕ್ಷಾರಸ ಹಂಚುವ ಕರ್ತನ ಭೋಜನಕ್ಕೆ ಬರಕೂಡದೆಂದು ಅವರು ತೀರ್ಮಾನಿಸಿದರು. ಕೋಣೆ ಬಿಡಿಸುವ ಮಾತೂ ಬಂದಿತ್ತಂತೆ, ದೊರೆಸಾನಿ ತಡೆದರಂತೆ. ಆ ಮೂರು ತಿಂಗಳೂ ಅವಳು ಗಂಟೆ ಬಾರಿಸಿ, ಒಳಗೆ ಬಂದು, ಎಲ್ಲರಿಗಿಂತ ಹಿಂದಿನ ಚಾಪೆಯಲ್ಲಿ ಕೂಡುತ್ತಿದ್ದಳು. ರೊಟ್ಟಿಯ ತಟ್ಟೆ ಹಿಂದಕ್ಕೆ ಬರುವ ಹೊತ್ತಿಗೆ ಎದ್ದು ಹಿತ್ತಲಿಗೆ ಹೋಗುತ್ತಿದ್ದಳು.

ಕಾಳಿನ ಮಾತನ್ನು ಮತ್ತೆ ಯಾರೂ ಎತ್ತಲಿಲ್ಲ. ಕೌದಿಯ ನಾಲ್ಕನೆಯ ಮೂಲೆ ಮುಚ್ಚುವ ಹೊತ್ತಿಗೆ ದೊರೆಸಾನಿ ತಾವಾಗಿಯೇ ಎದ್ದು ಕಿಟಕಿಯ ಕಡೆ ಹೋಗಿ, ಹೊರಗೆ ನೋಡುತ್ತ ನಿಲ್ಲುತ್ತಿದ್ದರು. ಹೊಲಿದಾದ ಮೇಲೆ ಬಂದು ಕೂಡುತ್ತಿದ್ದರು.

ಆಮೇಲೂ ನಾಲ್ಕು ಚಳಿಗಾಲ ಅವಳು ಊರೂರು ತಿರುಗಿದಳು. ಕ್ರಿಸ್ಮಸ್ ಕಳೆದರೂ ನಿಲ್ಲುತ್ತಿರಲಿಲ್ಲ. ಎಲ್ಲಿ ಬಾಣಂತಿ ಎಂದು ಸುದ್ದಿ ಬಂದರೂ ಸಾಕು, ಸಿಕ್ಕ ಬಂಡಿ ಹತ್ತುತ್ತಿದ್ದಳು. ಕೊನೆಯ ಸಲ ಸಿರುಗುಪ್ಪದ ಕಡೆ ಹೋದದ್ದು. ಕೆಂಚನಗುಡ್ಡದಲ್ಲಿ ಎರಡು ಕೌದಿ, ದೇಶನೂರಿನಲ್ಲಿ ಮೂರು ಕೊಟ್ಟೆವು. ದೇಶನೂರಿನ ಗದ್ದೆಯ ನೀರಿನಲ್ಲಿ ನಡೆದು ಬಂದ ಸಂಜೆಯೇ ಅವಳಿಗೆ ನಡುಕದ ಜ್ವರ ಹತ್ತಿತು. ಸಿರುಗುಪ್ಪದ ಛತ್ರದಲ್ಲಿ ಮಲಗಿಸಿದೆವು. ಬಂಡಿಯಲ್ಲಿ ಒಂದೇ ಕೌದಿ ಉಳಿದಿತ್ತು. ಹೊದಿಸಲು ಹೋದರೆ ಮುಟ್ಟಿ ನೋಡಿ ಪಕ್ಕಕ್ಕೆ ತಳ್ಳಿದಳು. "ತುಂಬಿದ್ದು ಬದುಕೋರಿಗೆ ಇರಲಿ. ನನಗ ಮೂಲಿ ಬಿಚ್ಚಿ ಹೊದಸು" ಎಂದಳು. ನಾನು ಕೇಳಲಿಲ್ಲ, ಹಾಗೇ ಹೊದಿಸಿದೆ. ಅವಳಿಗೆ ಬೈಯುವ ಶಕ್ತಿ ಇರಲಿಲ್ಲ.

ದೊರೆಸಾನಿಗೆ ಹೇಳಿಕೊಟ್ಟವಳು ನಾನೇ ಎಂದು ಆವತ್ತೂ ಹೇಳಬೇಕೆಂದು ಅವಳ ಕಿವಿಯ ಹತ್ತಿರ ಬಾಗಿದ್ದೆ. "ನೀರು" ಎಂದಳು. ನೀರು ತರುವುದರೊಳಗೆ ಕಣ್ಣು ಮುಚ್ಚಿದ್ದಳು, ನಿದ್ದೆ. ಎದ್ದ ಮೇಲೆ ಹೇಳೋಣ ಎಂದುಕೊಂಡೆ... ಏಳಲಿಲ್ಲ.

ಮರುದಿನ ಮಧ್ಯಾಹ್ನ ಮಣ್ಣಿಗೆ ಒಯ್ಯುವ ಮುಂಚೆ ಅವಳ ತುರುಬಿನ ಸೂಜಿ ತೆಗೆದು, ಅದರ ಮೊನೆಯಿಂದಲೇ ಆ ಮೂಲೆಯ ಹೊಲಿಗೆ ಬಿಚ್ಚಿದೆ. ಅವಳು ಇಟ್ಟ ಒಂದು ಹಿಡಿ ಜೋಳ ನನ್ನ ಸೆರಗಿಗೆ ಬಿತ್ತು. ಖಾಲಿಯಾದ ಕೌದಿಯನ್ನು ಹೊದಿಸಿದೆವು. ಸೆರಗಿನ ಗಂಟಿನಲ್ಲಿ ಆ ಜೋಳ ಬಳ್ಳಾರಿಗೆ ಬಂತು. ಆ ವರ್ಷ ನಾನೊಬ್ಬಳೇ ಕೂತು ಹೊಲಿದ ಮೊದಲ ಕೌದಿಯ ಮೂಲೆಗೆ ಅದನ್ನೇ ಹಾಕಿದೆ. ಆ ಕೌದಿಯನ್ನು ಮಾತ್ರ ಯಾರಿಗೂ ಕೊಡಲು ಮನಸ್ಸು ಬರಲಿಲ್ಲ.

ಮೊನ್ನೆ ಉದುರಿದ್ದು ಅದೇ. ಪುಡಿಯನ್ನು ತುಳಸಿಯ ಬುಡಕ್ಕೆ ಹಾಕುವುದು ನಮ್ಮಲ್ಲಿಲ್ಲ. ಬಾವಿಯ ಹತ್ತಿರ ಬೇವಿನ ಗಿಡದ ಬುಡಕ್ಕೆ ಹಾಕಿದೆ. ನಮ್ಮ ಕೇರಿಯ ಕೊನೆಯ ಮನೆಯಲ್ಲಿ ಒಬ್ಬ ಹುಡುಗಿ ಹೆತ್ತು ನಾಲ್ಕು ದಿನವಾಗಿದೆ, ಹೊದಿಕೆ ಸಾಲದು ಎಂದು ಕೇಳಿದ್ದೆ. ಇಷ್ಟು ವರ್ಷ ಸಂದೂಕದಲ್ಲಿಟ್ಟುಕೊಂಡದ್ದನ್ನು ನೆನೆದು ನನಗೇ ನಾಚಿಕೆಯಾಯಿತು. ಮಡಕೆಯಿಂದ ಹೊಸ ಜೋಳ ಒಂದು ಹಿಡಿ ತಂದೆ. ಅವಳದೇ ಸೂಜಿ. ದಾರ ಪೋಣಿಸಲು ಹೋದರೆ ಕಣ್ಣು ಮಂಜು, ಮೂರು ಸಲ ತಪ್ಪಿ ನಾಲ್ಕನೆಯ ಸಲಕ್ಕೆ ಸೇರಿತು. ಕಾಳು ಸುರಿದು, ಅವಳ ಮಾತನ್ನೇ ಅಂದು ಹೊಲಿದೆ.

ನೋಡಿದರೆ ಹೊಲಿಗೆ ಬಿಗಿದು ಅರಿವೆ ಮುದುಡಿತ್ತು. ಬಿಚ್ಚು ಎನ್ನಲು ಯಾರೂ ಇರಲಿಲ್ಲ. ನಾನೇ ಬಿಚ್ಚಿದೆ, ಮತ್ತೆ ಹೊಲಿದೆ.